ಇಲ್ಲದ ಪಿನ್ನು

ಪಿನ್ನು ಎಂದರೆ ನಮ್ಮಂಥ ಹೆಂಗಸರಿಗೆ ಹೊಸ ವಸ್ತುವೇನಲ್ಲ. ಬಳೆಗೆ ಒಂದೆರಡು, ತಾಳಿಸರಕ್ಕೆ ಒಂದೆರಡು ಸಿಕ್ಕಿಸಿಕೊಂಡೇ ಓಡಾಡುವವರು ನಾವು. ಸೆರಗಿಗೆ ಪಿನ್ನು, ನೆರಿಗೆಗೆ ಪಿನ್ನು, ಮುಡಿದ ಹೂವಿಗೆ ಪಿನ್ನು, ಬಸ್ಸಿಳಿಯುವಾಗ ಕಿತ್ತುಹೋದ ಚಪ್ಪಲಿಯ ಬಾರಿಗೂ ಪಿನ್ನು. ಶಾಲೆಯ ಕೆಲಸಕ್ಕೆ ಸೇರಿದ ಮೇಲೆ ಗುಂಡುಪಿನ್ನು, ಸ್ಟೇಪ್ಲರ್ ಪಿನ್ನುಗಳೂ ಈ ಬಳಗಕ್ಕೆ ಸೇರಿಕೊಂಡವು. ಆದರೆ ಇಷ್ಟು ವರ್ಷಗಳಲ್ಲಿ ನನ್ನನ್ನು ಎಲ್ಲಕ್ಕಿಂತ ಆಳವಾಗಿ ಚುಚ್ಚಿದ ಪಿನ್ನು ಇವುಗಳಲ್ಲಿ ಯಾವುದೂ ಅಲ್ಲ. ಅದು ಕಂಪ್ಯೂಟರಿನೊಳಗಿನದು. ಅದೂ, ಅಲ್ಲಿ ಯಾವತ್ತೂ ಇರದೇ ಇದ್ದ ಪಿನ್ನು.

2018ರ ಆಗಸ್ಟ್ ತಿಂಗಳ ಮಾತು. ನಮ್ಮ ಪ್ರೌಢಶಾಲೆಗೆ ಹಳೆಯ ವಿದ್ಯಾರ್ಥಿಗಳು ಸೇರಿ ಆರು ಕಂಪ್ಯೂಟರುಗಳನ್ನು ಕೊಟ್ಟಿದ್ದರು. ಯಾವುದೋ ಆಫೀಸಿನಲ್ಲಿ ದುಡಿದು ಸುಸ್ತಾಗಿ ಬಂದವು ಅವು. ಅವುಗಳಿದ್ದ ಕೋಣೆಯ ಬೀಗದ ಕೈ ನನ್ನ ಬಳಿ ಇತ್ತು. ನಾನು ಓದಿದ್ದು ಬಿ.ಎ., ಬಿ.ಎಡ್. ಕಲಿಸುವುದು ಕನ್ನಡ, ಸಮಾಜ. ವಿಜ್ಞಾನದ ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬಂದಿರಲಿಲ್ಲ; ‘ನೀವು ಮಾರ್ಕ್ಸ್ ಕಾರ್ಡನ್ನೆಲ್ಲ ಟೈಪ್ ಮಾಡ್ತೀರಲ್ಲಾ ಮೇಡಂ’ ಎಂದು ಎಚ್.ಎಂ. ಬೀಗದ ಕೈಯನ್ನು ನನ್ನ ಮೇಜಿನ ಮೇಲಿಟ್ಟರು. ಟೈಪ್ ಮಾಡುವವಳಿಗೆ ಯಂತ್ರದ ಒಳಗೂ ತಿಳಿದಿರುತ್ತದೆ ಎನ್ನುವುದು, ಅಡುಗೆ ಮಾಡುವವಳಿಗೆ ಗ್ಯಾಸ್ ಸಿಲಿಂಡರ್ ರಿಪೇರಿಯೂ ಬರುತ್ತದೆ ಎಂದ ಹಾಗೆ. ಆದರೂ ಒಪ್ಪಿಕೊಂಡೆ. ಒಂದು ರಿಜಿಸ್ಟರ್ ಮಾಡಿಟ್ಟು, ಯಾವ ದಿನ ಯಾವ ಯಂತ್ರ ಏನಾಯಿತು ಎಂದು ಬರೆಯುತ್ತಿದ್ದೆ. ಆ ರಿಜಿಸ್ಟರಿನ ಮಾತು ಮುಂದೆ ಬರುತ್ತದೆ.

ಮೂರನೆಯ ಯಂತ್ರಕ್ಕೆ ಪಕ್ಕದ ತಗಡು ಇರಲಿಲ್ಲ. ಯಾವಾಗಲೋ ಬಿಚ್ಚಿದವರು ಮತ್ತೆ ಹಾಕಿರಲಿಲ್ಲ. ಹೊಟ್ಟೆ ತೆರೆದುಕೊಂಡೇ ಕೂತಿರುತ್ತಿತ್ತು. ಆ ದಿನ ಒಂಬತ್ತನೆಯ ತರಗತಿಯ ಪಾಳಿ. ನಾನು ಆಫೀಸಿಗೆ ಹೋಗಿ ಬರುವಷ್ಟರಲ್ಲಿ ಆ ಯಂತ್ರ ಆರಿಹೋಗಿತ್ತು. ಅದರ ಮುಂದೆ ಒಬ್ಬಳು ಹುಡುಗಿ ಮೊಣಕಾಲೂರಿ ಕೂತಿದ್ದಳು. ಅವಳ ಕೈಯಲ್ಲಿ ಬಣ್ಣಬಣ್ಣದ ತಂತಿಗಳ ಒಂದು ಗೊಂಚಲು. ಗೊಂಚಲಿನ ತುದಿಯಲ್ಲಿ ಬೆರಳುದ್ದದ ಒಂದು ಪ್ಲಾಸ್ಟಿಕ್ ಮೂತಿ.

“ಏನೇ ಮಾಡ್ತಿದೀಯ?”

“ಆಫ್ ಆಗೋಯ್ತು ಮಿಸ್. ಅವತ್ತು ರಿಪೇರಿಯವರು ಇದನ್ನ ಬಿಚ್ಚಿ ಹಾಕಿದ್ರು. ಅದಕ್ಕೇ ನಾನೂ ಬಿಚ್ಚಿ ಹಾಕ್ದೆ. ಬರ್ಲಿಲ್ಲ.”

ನಾನು ಆ ಮೂತಿಯನ್ನು ಕಸಿದುಕೊಂಡು ನೋಡಿದೆ. ಹನ್ನೆರಡರಂತೆ ಎರಡು ಸಾಲು, ಒಟ್ಟು 24 ಚಿಕ್ಕ ಚೌಕದ ಮನೆಗಳು. ಎಲ್ಲ ಮನೆಯೊಳಗೂ ಲೋಹ ಮಿನುಗುತ್ತಿತ್ತು. ಒಂದು ಮನೆ ಮಾತ್ರ ಖಾಲಿ. ಅದರ ಹಿಂದೆ ತಂತಿಯೂ ಇಲ್ಲ.

“ಇದರೊಳಗಿನ ಪಿನ್ನು ಎಲ್ಲೇ?”

“ಗೊತ್ತಿಲ್ಲ ಮಿಸ್.”

“ಗೊತ್ತಿಲ್ಲದೆ ಎಲ್ಲಿಗೆ ಹೋಗತ್ತೆ? ಎಳೆದು ಕಿತ್ತಿದೀಯ. ಹುಡುಕು.”

ಹುಡುಕು ಎಂದೆ, ಅವಳು ಹುಡುಕಿದಳು. ಊಟದ ಬಿಡುವಿನಲ್ಲಿ ಉಳಿದವರೆಲ್ಲ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರೆ, ಆ ಹುಡುಗಿ ಪೊರಕೆ ಹಿಡಿದು ಕೋಣೆಯನ್ನೆಲ್ಲ ಗುಡಿಸಿ, ಗುಡಿಸಿದ ಕಸವನ್ನು ಪೇಪರಿನ ಮೇಲೆ ಹರವಿಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಬೆರಳಾಡಿಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ. ಒಂದು ಸಲ ಅವಳು ತಲೆಯೆತ್ತಿ, “ಇದಾ ಮಿಸ್?” ಎಂದು ಒಂದು ಸ್ಟೇಪ್ಲರ್ ಪಿನ್ನನ್ನು ತೋರಿಸಿದಳು. “ಅದಲ್ಲ” ಎಂದೆ. ಯಾವುದು ಎಂದು ನನಗೆ ತಾನೇ ಎಲ್ಲಿ ಗೊತ್ತಿತ್ತು!

ಮಾರನೆಯ ದಿನ ಅವಳು ಬರಲಿಲ್ಲ. ಅದರ ಮಾರನೆಯ ದಿನ ಅವಳ ಅಪ್ಪ ಬಂದರು. ಎ.ಪಿ.ಎಂ.ಸಿ. ಅಂಗಳದಲ್ಲಿ ಮೂಟೆ ಹೊರುವವರು. ಚಪ್ಪಲಿಯನ್ನು ಹೊರಗೇ ಬಿಟ್ಟು, ಎಚ್.ಎಂ. ಕೋಣೆಯ ಬಾಗಿಲಲ್ಲಿ ನಿಂತು, ಅಂಗಿಯ ಜೇಬಿನಿಂದ ಮಡಿಸಿದ ಮೂರು ನೂರರ ನೋಟು ತೆಗೆದರು. “ಸದ್ಯಕ್ಕೆ ಇಷ್ಟಿದೆ ಸಾರ್. ಎಷ್ಟಾಯ್ತು ಅಂತ ಹೇಳಿ, ವಾರ ವಾರ ಕೊಟ್ಟು ತೀರಿಸ್ತೀನಿ.” ಆಮೇಲೆ ನನ್ನ ಕಡೆ ತಿರುಗಿ, “ಇನ್ನು ಮೇಲೆ ಇವಳನ್ನ ಅದರ ಹತ್ರ ಬಿಡಬೇಡಿ ಮೇಡಮ್ಮೋರೆ, ನಮ್ಮಂಥೋರಿಗೆ ಯಾಕೆ ಅದು” ಎಂದರು. ಎಚ್.ಎಂ. ದುಡ್ಡನ್ನು ಡ್ರಾಯರಿನಲ್ಲಿಟ್ಟುಕೊಂಡರು. ನಾನು ಏನೂ ಹೇಳಲಿಲ್ಲ. ಹೇಳಬೇಕು ಎಂದು ಅನ್ನಿಸಲೂ ಇಲ್ಲ. ‘ನಮ್ಮಂಥೋರಿಗೆ ಯಾಕೆ’ ಎಂಬ ಮಾತು ಮಾತ್ರ ರಾತ್ರಿ ಪಾತ್ರೆ ತೊಳೆಯುವಾಗ ನೆನಪಾಗಿ, ಕೈ ಒಂದು ಕ್ಷಣ ನಿಂತಿತು.

ಶನಿವಾರ ಮಧ್ಯಾಹ್ನ ಆ ಕಂಪ್ಯೂಟರ್ ಪೆಟ್ಟಿಗೆಯನ್ನು ಆಟೋದಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡ್ ಹಿಂದಿನ ರಿಪೇರಿ ಅಂಗಡಿಗೆ ಹೋದೆ. ಅಂಗಡಿ ನಡೆಸುವವನು ನನ್ನ ಹಳೆಯ ಶಿಷ್ಯನೇ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡದಲ್ಲಿ ಎರಡು ಸಲ ಡುಮ್ಕಿ ಹೊಡೆದು, ಆಮೇಲೆ ಐ.ಟಿ.ಐ. ಮಾಡಿಕೊಂಡವನು. ಅ-ಹ ವ್ಯತ್ಯಾಸ ಬಾರದೆ ನನ್ನಿಂದ ಸಾಕಷ್ಟು ಬೈಸಿಕೊಂಡಿದ್ದ. ಸ್ಟೂಲು ಒರೆಸಿ, “ಕೂತ್ಕೊಳ್ಳಿ ಮಿಸ್” ಎಂದ.

ನಾನು ನಡೆದದ್ದನ್ನೆಲ್ಲ ಹೇಳಿ, “ಒಂದು ಪಿನ್ನು ಕಿತ್ತುಹಾಕಿದಾಳೆ ನೋಡಪ್ಪಾ” ಎಂದು ಆ ಖಾಲಿ ಮನೆಯನ್ನು ತೋರಿಸಿದೆ. ಅವನು ನೋಡಿದ. ನಗಲಿಲ್ಲ; ನಕ್ಕಿದ್ದರೇ ಚೆನ್ನಾಗಿತ್ತು. ಗೋಡೆಗೆ ತೂಗುಹಾಕಿದ್ದ ಹೊಸ ಪವರ್ ಸಪ್ಲೈ ಒಂದನ್ನು ಇಳಿಸಿ, ಸುತ್ತಿದ ತಂತಿ ಬಿಡಿಸಿ, ಅದರ ಮೂತಿಯನ್ನು ನನ್ನ ಮುಂದೆ ಹಿಡಿದ. ಅದೇ ಜಾಗದ ಮನೆ ಅದರಲ್ಲೂ ಖಾಲಿ.

“ಇದು 20ನೇ ಮನೆ ಮಿಸ್. ಹಿಂದೆ ಇಲ್ಲಿ ಬಿಳೀ ತಂತಿ ಬರ್ತಿತ್ತು, ಮೈನಸ್ 5 ವೋಲ್ಟ್ ಅಂತ. ಬಹಳ ಹಳೇ ಕಂಪ್ಯೂಟರಿನ ಕಾರ್ಡುಗಳಿಗೆ ಬೇಕಾಗಿತ್ತು. ಈಗ ಯಾರಿಗೂ ಬೇಡ. ಅದಕ್ಕೇ ಫ್ಯಾಕ್ಟರಿಯಲ್ಲೇ ಹಾಕಲ್ಲ.”

ನಾನು ಕೂತಿದ್ದ ಸ್ಟೂಲು ಅಲುಗಾಡಿದಂತಾಯಿತು. ಆಮೇಲೆ ತಿಳಿದುಕೊಂಡೆ: ಈ ಬಗೆಯ ಜೋಡಣೆಯನ್ನು ಇಂಟೆಲ್ ಕಂಪನಿ 1995ರಲ್ಲಿ ಗೊತ್ತುಮಾಡಿದಾಗ 20 ಮನೆಗಳಿದ್ದವು; 2003ರ ಹೊತ್ತಿಗೆ ಅದು 24 ಆಯಿತು, ಆ ಬಿಳಿಯ ತಂತಿಯ ಅಗತ್ಯ ಮುಗಿಯಿತು. ಊರು ಬಿಟ್ಟುಹೋದವರ ಮನೆಯಂತೆ ಜಾಗ ಮಾತ್ರ ಉಳಿಯಿತು. ಆ ಹುಡುಗಿ ಹುಟ್ಟುವುದಕ್ಕೂ ಮುಂಚೆ ಖಾಲಿಯಾದ ಮನೆ ಅದು. ಅದರ ಪಿನ್ನನ್ನು ನಾನು ಅವಳ ಕೈಲಿ ಕಸದಲ್ಲಿ ಹುಡುಕಿಸಿದ್ದೆ.

“ಅಲ್ಲದೆ ಮಿಸ್, ಇದನ್ನ ಕೈಯಲ್ಲಿ ಎಳೆದರೆ ಬರೋದೇ ಇಲ್ಲ. ಬೇಕಾದ್ರೆ ಎಳೆದು ನೋಡಿ” ಎಂದು ಕೆಟ್ಟುಹೋದ ಒಂದು ಸಪ್ಲೈಯನ್ನು ನನ್ನ ಮಡಿಲಿಗೆ ಹಾಕಿದ. ಒಂದು ಕಪ್ಪು ತಂತಿಯನ್ನು ಹಿಡಿದು ಎಳೆದೆ. ಬೆರಳು ಕೆಂಪಾಯಿತೇ ಹೊರತು ತಂತಿ ಜಗ್ಗಲಿಲ್ಲ.

ಆಮೇಲೆ ಅವನು ನಿಜವಾದ ಕಾಯಿಲೆ ತೋರಿಸಿದ. ಒಂದು ಮೂಲೆಯ ಮನೆ, 13ನೆಯದು. ಕಿತ್ತಳೆ ಬಣ್ಣದ ತಂತಿ, ಅದರ ಜೊತೆಗೇ ಒಂದು ಸಣ್ಣ ಕಂದು ತಂತಿ. ಆ ಮನೆಯ ಅಂಚಿನ ಪ್ಲಾಸ್ಟಿಕ್ಕು ಬೆಂದು, ಸೀದ ಹಾಲಿನ ಪಾತ್ರೆಯ ತಳದಂತೆ ಕಂದಾಗಿ ಸೊಟ್ಟಗಾಗಿತ್ತು. ನಾನು ಖಾಲಿ ಮನೆಯನ್ನು ನೋಡುವ ಆತುರದಲ್ಲಿ ಸುಟ್ಟ ಮನೆಯನ್ನು ನೋಡಿರಲೇ ಇಲ್ಲ.

ಪಿನ್ನು ಎಂದು ಹೆಸರೇ ಹೊರತು ಅದು ಚುಚ್ಚುವ ವಸ್ತುವಲ್ಲವಂತೆ. ಬೋರ್ಡಿನ ಮೇಲೆ ನಿಂತಿರುವ ಮುಳ್ಳನ್ನು ಅಪ್ಪಿ ಹಿಡಿಯುವ ಒಂದು ಪುಟ್ಟ ಲೋಹದ ಗೂಡು. ಆ ಅಪ್ಪುಗೆ ಬಿಗಿಯಾಗಿದ್ದರೆ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಸಡಿಲವಾದರೆ ಅಲ್ಲಿ ತಡೆ ಹೆಚ್ಚಿ, ತಡೆಯಿಂದ ಬಿಸಿಯಾಗಿ, ಬಿಸಿಗೆ ಹಿಡಿತ ಇನ್ನೂ ಸಡಿಲವಾಗುತ್ತದೆ. ಸಡಿಲವಾದಷ್ಟೂ ಮತ್ತಷ್ಟು ಬಿಸಿ. “ಇದು ಒಂದು ದಿನದ ಸುಟ್ಟ ಗಾಯ ಅಲ್ಲ ಮಿಸ್. ತಿಂಗಳುಗಟ್ಟಲೆ ಬೆಂದಿದೆ. ನಡುನಡುವೆ ತಾನೇ ಆರಿಹೋಗ್ತಿರಲಿಲ್ವಾ ಇದು?”

ಆಗ ನನಗೆ ರಿಜಿಸ್ಟರ್ ನೆನಪಾಯಿತು. ಸಂಜೆ ಶಾಲೆಗೆ ಹೋಗಿ ತೆರೆದು ನೋಡಿದೆ. ಜೂನ್ 19: ‘3ನೇ ಯಂತ್ರ ತಾನಾಗಿ ಆಫ್ ಆಯಿತು.’ ಜುಲೈ 6: ‘3ನೇ ಯಂತ್ರ ಪುನಃ ಆಫ್.’ ಜುಲೈ 27: ‘3ನೇ ಯಂತ್ರ, ಸುಟ್ಟ ವಾಸನೆ?’ ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕಿದ್ದೆ. ಅಕ್ಷರ ನನ್ನದೇ, ಸಹಿಯೂ ನನ್ನದೇ. ನನ್ನ ಕೈ ಬರೆದಿಟ್ಟದ್ದನ್ನು ನನ್ನ ಬಾಯಿ ಮರೆತಿತ್ತು. ಮಕ್ಕಳಿಗೆ ‘ಬರೆದದ್ದನ್ನು ಒಂದು ಸಲ ಓದಿ ನೋಡಿ’ ಎಂದು ದಿನಕ್ಕೆ ಹತ್ತು ಸಲ ಹೇಳುವವಳು ನಾನು.

ಭಾನುವಾರ ಮತ್ತೆ ಅಂಗಡಿಗೆ ಹೋದೆ. “ಹೊಸ ಸಪ್ಲೈ ಏಳುನೂರು ರೂಪಾಯಿಗೆ ಬರುತ್ತೆ ಮಿಸ್, ಹಾಕಿಬಿಡ್ತೀನಿ” ಎಂದ. ಇದನ್ನೇ ಸರಿಮಾಡಲಾಗದೇ ಎಂದು ಕೇಳಿದೆ. ಹಸಿರು ತಂತಿಯನ್ನೂ ಒಂದು ಕಪ್ಪು ತಂತಿಯನ್ನೂ ಒಂದು ತುಂಡಿನಿಂದ ಕೂಡಿಸಿದ. ಪೆಟ್ಟಿಗೆಯ ಫ್ಯಾನು ತಿರುಗಿತು. ಪೆಟ್ಟಿಗೆ ಜೀವಂತವಾಗಿದೆ, ಕೆಟ್ಟಿರುವುದು ಮೂತಿ ಮಾತ್ರ. ಕೆಟ್ಟ ಸಪ್ಲೈಯ ಮೂತಿಯನ್ನು ಬಿಡಿಸಿ ಇದಕ್ಕೆ ಹಾಕಬಹುದು. ಅದಕ್ಕೆ ಅದರ 23 ಪಿನ್ನು ತೆಗೆಯಬೇಕು, ಇದರ 23 ಪಿನ್ನು ತೆಗೆದು ಅದರೊಳಗೆ ಕೂರಿಸಬೇಕು. “ಅಷ್ಟು ಹೊತ್ತು ನಂಗಿಲ್ಲ ಮಿಸ್. ನೀವು ಮಾಡೋದಾದ್ರೆ ಕಲಿಸಿಕೊಡ್ತೀನಿ.” ಎರಡು ಸಲ ಫೇಲ್ ಮಾಡಿದವಳಿಗೆ ಪಾಠ ಹೇಳಿಕೊಡುತ್ತೇನೆ ಎಂದ ಹುಡುಗನ ದೊಡ್ಡತನಕ್ಕೆ ನಾನು ಒಪ್ಪಲೇಬೇಕಾಯಿತು.

ಮೊದಲು ಅವನು ಹೇಳಿದ ಎಚ್ಚರಿಕೆ: ಗೋಡೆಯ ಪ್ಲಗ್ಗು ಕಿತ್ತೇ ಮುಟ್ಟಬೇಕು, ಕಿತ್ತ ಮೇಲೂ ಸ್ವಲ್ಪ ಹೊತ್ತು ಬಿಡಬೇಕು, ತಂತಿಗಳು ಹೊರಡುವ ಆ ಲೋಹದ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಕೂಡದು. ಗೋಡೆಯ 230 ವೋಲ್ಟು ಅದರೊಳಕ್ಕೆ ಬರುತ್ತದೆ, ಪ್ಲಗ್ಗು ಕಿತ್ತ ಮೇಲೂ ಒಳಗೆ ವಿದ್ಯುತ್ತು ಅವಿತು ಕೂತಿರುತ್ತದೆ.

ಆಮೇಲೆ ಪಿನ್ನು ತೆಗೆಯುವ ಬಗೆ. ಪ್ರತಿ ಪಿನ್ನಿಗೂ ಎದುರುಬದುರಾಗಿ ಎರಡು ಪುಟ್ಟ ರೆಕ್ಕೆಗಳಿವೆ. ಒಳಗೆ ಹೋಗುವಾಗ ಮುದುಡಿಕೊಂಡು, ಹೋದ ಮೇಲೆ ಅರಳಿ, ಗೋಡೆಗೆ ತಡೆಕೊಟ್ಟು ನಿಲ್ಲುತ್ತವೆ. ಹಿಂದಿನಿಂದ ಎಳೆದಷ್ಟೂ ಇನ್ನೂ ಬಿಗಿ. ಅದಕ್ಕೆಂದೇ ಮಾಡಿದ ಸಲಕರಣೆ ಇದೆಯಂತೆ. ಇಲ್ಲದವರಿಗೆ ದೊಡ್ಡ ಸ್ಟೇಪ್ಲರಿನ ಎರಡು ಪಿನ್ನು ಸಾಕು. ಅವನ್ನು ಬಿಡಿಸಿ ನೇರ ಮಾಡಿ, ಮೂತಿಯ ಮುಂಭಾಗದಿಂದ ಆ ಗೂಡಿನ ಎರಡೂ ಪಕ್ಕಕ್ಕೆ ಒಂದೊಂದು ತೂರಿಸಬೇಕು. ಎರಡೂ ರೆಕ್ಕೆ ಒಟ್ಟಿಗೇ ಮುದುಡಬೇಕು. ಒಂದು ಮುದುಡಿ ಇನ್ನೊಂದು ಅರಳಿದ್ದರೆ ಬರುವುದಿಲ್ಲ.

ನನ್ನ ಮೊದಲನೆಯ ಪಿನ್ನಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಸ್ಟೇಪ್ಲರ್ ಪಿನ್ನು ಬಾಗಿತು, ಉಗುರು ಮುರಿಯಿತು, ಕನ್ನಡಕ ಜಾರಿತು. ನಾನು ಎಳೆಯುತ್ತಲೇ ಇದ್ದೆ.

“ಎಳೀಬೇಡಿ ಮಿಸ್. ಮೊದಲು ತಂತೀನ ಒಳಕ್ಕೆ ತಳ್ಳಿ. ಎಳೀತಾ ಇದ್ರೆ ರೆಕ್ಕೆಗಳು ಗೋಡೆಗೆ ಒತ್ತಿಕೊಂಡೇ ಇರ್ತವೆ, ಮುದುಡೋಕೆ ಜಾಗ ಎಲ್ಲಿದೆ? ತಳ್ಳಿ, ಎರಡೂ ಕಡೆ ತೂರಿಸಿ, ಆಮೇಲೆ ಮೆಲ್ಲಗೆ.”

ತಳ್ಳಿದೆ. ತೂರಿಸಿದೆ. ಮೆಲ್ಲಗೆ ಹಿಡಿದೆ. ಒಗ್ಗರಣೆಯ ಕರಿಬೇವು ಎಸಳಿನಿಂದ ಬಿಡಿಸಿಕೊಳ್ಳುವಷ್ಟೇ ಸುಲಭವಾಗಿ ಕಪ್ಪು ತಂತಿ ಕೈಗೆ ಬಂತು. ಅಂಗಡಿಯಲ್ಲಿದ್ದ ಗಿರಾಕಿಗಳ ಮುಂದೆಯೇ ನಾನು ಮಗುವಿನಂತೆ “ಬಂತು!” ಎಂದು ಕೂಗಿದೆ. ಕೂಗಿದ ಮರುಗಳಿಗೆಗೆ ಆ ಹುಡುಗಿ ನೆನಪಾದಳು. ಇಷ್ಟು ಮಾಡಿದರೆ ಮಾತ್ರ ಹೊರಬರುವ ವಸ್ತುವನ್ನು ಅವಳು ಎರಡು ನಿಮಿಷದಲ್ಲಿ ಕಿತ್ತಳು ಎಂದು ನಾನು ಇಡೀ ತರಗತಿಯ ಮುಂದೆ ತೀರ್ಪು ಕೊಟ್ಟಿದ್ದೆ.

ಸೋಮವಾರ ಬೆಳಿಗ್ಗೆ ಎಚ್.ಎಂ. ಕೋಣೆಗೆ ಹೋಗಿ ರಿಜಿಸ್ಟರನ್ನೂ ಸುಟ್ಟ ಮೂತಿಯನ್ನೂ ಅವರ ಮೇಜಿನ ಮೇಲಿಟ್ಟೆ. “ಹೋಗಲಿ ಬಿಡಿ ಮೇಡಂ, ದುಡ್ಡು ವಾಪಸ್ ಕೊಟ್ಟುಬಿಡೋಣ. ಕ್ಲಾಸಿನಲ್ಲೆಲ್ಲ ಹೇಳೋಕೆ ಹೋಗಬೇಡಿ, ಮಕ್ಕಳು ಆಮೇಲೆ ಮಾತು ಕೇಳಲ್ಲ” ಎಂದರು. ಅವರ ಮಾತಿನಲ್ಲಿ ನನಗೂ ಆಸೆಯಿತ್ತು ಎಂದು ಒಪ್ಪಿಕೊಳ್ಳಬೇಕು. ಐವತ್ತರ ಹತ್ತಿರ ಬಂದ ಹೆಂಗಸು 14 ವರ್ಷದ ಮಗುವಿನ ಮುಂದೆ ತಪ್ಪೊಪ್ಪಿಕೊಳ್ಳುವುದು ಸುಲಭವಲ್ಲ. ಆದರೆ ತಪ್ಪು ಹೊರಿಸಿದ್ದು 42 ಮಕ್ಕಳ ಮುಂದೆ. ತೆಗೆಯುವುದು ಮಾತ್ರ ಮುಚ್ಚಿದ ಕೋಣೆಯಲ್ಲಿ ಹೇಗಾದೀತು? ಒಂದು ರೆಕ್ಕೆ ಮುದುಡಿ ಇನ್ನೊಂದು ಅರಳಿದ್ದರೆ ಅದು ಹೊರಬರುವುದಿಲ್ಲ ಎಂದು ಹಿಂದಿನ ದಿನವಷ್ಟೇ ಕಲಿತಿದ್ದೆ.

ಮೊದಲು ಅವಳ ಮನೆಗೆ ಹೋದೆ. ಅವಳು ಬೀದಿಯ ನಲ್ಲಿಯಲ್ಲಿ ಕೊಡ ತುಂಬಿಸುತ್ತಿದ್ದಳು. ನನ್ನನ್ನು ಕಂಡು ಕೊಡ ಬಿಟ್ಟು ಒಳಗೆ ಓಡಿದಳು. ಅವಳ ತಾಯಿ ಚಾಪೆ ಹಾಸಿದರು. ನಾನು ಕೂತು ಎಲ್ಲವನ್ನೂ ಹೇಳಿದೆ. “ತಪ್ಪು ನಿನ್ನದಲ್ಲ ಮಗೂ. ನೋಡದೆ ಮಾತಾಡಿದ್ದು ನನ್ನ ತಪ್ಪು” ಎಂದೆ. ಅವಳು ಅಳುತ್ತಾಳೆ, ನಾನೂ ಅಳುತ್ತೇನೆ ಎಂದೆಲ್ಲ ದಾರಿಯುದ್ದಕ್ಕೂ ಊಹಿಸಿಕೊಂಡಿದ್ದೆ. ಅವಳು ಅಳಲಿಲ್ಲ. ಬಾಗಿಲ ಮರೆಯಿಂದಲೇ, “ಹಂಗಾದ್ರೆ ಅಪ್ಪನ ದುಡ್ಡು?” ಎಂದು ಕೇಳಿದಳು. ಮೂರು ನೋಟುಗಳನ್ನು ಅವಳ ತಾಯಿಯ ಕೈಗೆ ಕೊಟ್ಟೆ. ಅವರು ಎಣಿಸದೆ ಸೆರಗಿಗೆ ಗಂಟು ಹಾಕಿಕೊಂಡರು.

ಮಂಗಳವಾರ ಹುಡುಗಿ ಬಂದಳು. ತರಗತಿಯಲ್ಲಿ ಆ ಮೂತಿಯನ್ನು ಕೈಯಿಂದ ಕೈಗೆ ದಾಟಿಸಿದೆ. ಖಾಲಿ ಮನೆ ಯಾಕೆ ಖಾಲಿ, ಸುಟ್ಟ ಮನೆ ಯಾಕೆ ಸುಟ್ಟಿತು ಎಂದು ನನಗೆ ತಿಳಿದಷ್ಟು ಹೇಳಿ, ರಿಜಿಸ್ಟರಿನ ಮೂರು ಸಾಲನ್ನೂ ಓದಿದೆ. “ನಾನು ಇವಳ ಮೇಲೆ ಸುಳ್ಳು ಹೊರಿಸಿದೆ” ಎಂದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ. ಮಕ್ಕಳು ಆಮೇಲೂ ನನ್ನ ಮಾತು ಕೇಳಿದರು; ಮೊದಲು ಎಷ್ಟು ಕೇಳುತ್ತಿದ್ದರೋ ಅಷ್ಟೇ.

ಉಳಿದ ಕೆಲಸವನ್ನು ಶಾಲೆ ಬಿಟ್ಟ ಮೇಲೆ ಎರಡು ಸಂಜೆ ನಾವಿಬ್ಬರೇ ಕೂತು ಮಾಡಿದೆವು. ಕರೆದಾಗ ಅವಳು ದೂರದಲ್ಲೇ ನಿಂತು, “ಮುಟ್ಲಾ ಮಿಸ್?” ಎಂದಳು. ಆ ಎರಡು ಮಾತು ಕೇಳಿ ನನಗೆ ಆದ ಸಂಕಟವನ್ನು ಬರೆಯಲಾರೆ.

ಕೆಟ್ಟ ಮೂತಿಯ ಪಿನ್ನುಗಳನ್ನು ತೆಗೆಯುತ್ತಲೇ ಅವಳ ಕೈ ಪಳಗಿತು. ನಾನು ಒಂದು ತೆಗೆಯುವಷ್ಟರಲ್ಲಿ ಅವಳು ಮೂರು ತೆಗೆಯುತ್ತಿದ್ದಳು. ಅಸಲಿ ಮೂತಿಗೆ ಕೈ ಹಾಕುವ ಮೊದಲು ಅವಳೇ ಹಾಳೆಯ ಮೇಲೆ ರಂಗೋಲಿಯ ಚುಕ್ಕೆಯಂತೆ ಎರಡು ಸಾಲು, ಹನ್ನೆರಡು ಹನ್ನೆರಡು ಚುಕ್ಕೆ ಇಟ್ಟು, ಬಣ್ಣದ ಪೆನ್ಸಿಲ್ಲಿನಲ್ಲಿ ಗುರುತು ಮಾಡಿದಳು. ಕಪ್ಪು ಎಂಟು, ಅವು ವಿದ್ಯುತ್ತು ಮರಳುವ ದಾರಿ. ಕೆಂಪು ಐದು, 5 ವೋಲ್ಟಿನವು. ಕಿತ್ತಳೆ ನಾಲ್ಕು, 3.3 ವೋಲ್ಟಿನವು. ಹಳದಿ ಎರಡು, 12 ವೋಲ್ಟಿನವು. ನೀಲಿ ಒಂದು, ಮೈನಸ್ 12. ಯಂತ್ರವನ್ನು ಎಬ್ಬಿಸುವುದು ಹಸಿರು. ‘ಎಲ್ಲ ಸರಿಯಿದೆ’ ಎಂದು ಹೇಳಿ ಕಳಿಸುವುದು ಬೂದು. ನೇರಳೆಯದು, ಮನೆಯವರೆಲ್ಲ ಮಲಗಿದರೂ ಎಚ್ಚರವಾಗಿಯೇ ಇರುವ ಅತ್ತೆಯ ಹಾಗೆ, ಯಂತ್ರ ಆರಿದ್ದಾಗಲೂ 5 ವೋಲ್ಟು ಹಿಡಿದು ಕೂತಿರುತ್ತದೆ. 12 ವೋಲ್ಟಿನ ತಂತಿ ತಪ್ಪಿ 3.3ರ ಮನೆಗೆ ಹೋದರೆ ಇಡೀ ಬೋರ್ಡೇ ಸುಟ್ಟುಹೋದೀತು. ಆದ್ದರಿಂದ ಒಂದನ್ನು ತೆಗೆದು, ಅದನ್ನು ಹೊಸ ಮನೆಗೆ ಸೇರಿಸಿ, ಚುಕ್ಕೆಗೆ ಟಿಕ್ ಹಾಕಿದ ಮೇಲೆಯೇ ಇನ್ನೊಂದು. ಮುದುಡಿದ ರೆಕ್ಕೆಗಳನ್ನು ಸೂಜಿಯಿಂದ ಮತ್ತೆ ಅರಳಿಸಿ ತೂರಿಸಬೇಕು. ‘ಟಿಕ್’ ಎಂದು ಸಣ್ಣ ಸದ್ದಾದರೆ ಕೂತಿತು ಎಂದು ಅರ್ಥ. ಕೂತಿದ್ದನ್ನು ಒಮ್ಮೆ ಜಗ್ಗಿ ನೋಡಬೇಕು.

ಸುಟ್ಟ 13ನೆಯ ಪಿನ್ನನ್ನು ಮಾತ್ರ ಅಂಗಡಿಯ ಹುಡುಗ ಕತ್ತರಿಸಿ, ಕೆಟ್ಟ ಸಪ್ಲೈಯ ಒಳ್ಳೆಯ ಪಿನ್ನನ್ನು ಬೆಸುಗೆ ಹಾಕಿ ಕೊಟ್ಟ. ಅದರ ಜೊತೆಗಿದ್ದ ಸಣ್ಣ ಕಂದು ತಂತಿಯನ್ನೂ ಮರೆಯದೆ ಸೇರಿಸಿದ. ಬೋರ್ಡಿನ ಕಡೆ ಎಷ್ಟು ವೋಲ್ಟು ಮುಟ್ಟಿತು ಎಂದು ಪೆಟ್ಟಿಗೆಗೆ ತಿರುಗಿ ಸುದ್ದಿ ಮುಟ್ಟಿಸುವ ತಂತಿಯಂತೆ ಅದು. ಹೇಳಿದ್ದು ಮುಟ್ಟಿತೋ ಇಲ್ಲವೋ, ಹೇಗೆ ಮುಟ್ಟಿತು ಎಂದು ತಿಳಿಸುವ ಅಂಥದೊಂದು ತಂತಿ ಮೇಷ್ಟರಿಗೂ ಇದ್ದಿದ್ದರೆ ಎಂದುಕೊಂಡೆ. ಬೋರ್ಡಿನ ಕಪ್ಪಾದ ಮುಳ್ಳನ್ನೂ ಅವನೇ ಕೆರೆದು ಶುಚಿ ಮಾಡಿದ. “ಹೊಸದರಷ್ಟು ಗ್ಯಾರಂಟಿ ಇಲ್ಲ ಮಿಸ್, ಆಗಾಗ ಮುಟ್ಟಿ ನೋಡ್ತಿರಿ, ಬಿಸಿಯಾದ್ರೆ ನಿಲ್ಲಿಸಿಬಿಡಿ” ಎಂದ. ದುಡ್ಡು ತೆಗೆದುಕೊಳ್ಳಲಿಲ್ಲ.

20ನೆಯ ಮನೆಗೆ ಬಂದಾಗ ಹುಡುಗಿ ನನ್ನ ಮುಖ ನೋಡಿದಳು. “ಅದು ಖಾಲಿಯೇ ಇರಲಿ” ಎಂದೆ. ಹಾಳೆಯ ಆ ಚುಕ್ಕೆಯ ಸುತ್ತ ಅವಳು ಒಂದು ಸೊನ್ನೆ ಸುತ್ತಿದಳು.

ಗುಂಡಿ ಒತ್ತಿದ್ದು ಅವಳೇ. ಫ್ಯಾನು ತಿರುಗಿತು, ಪರದೆ ಬೆಳಗಿತು. ಆ ಯಂತ್ರ ಇನ್ನೂ ಒಂದೂವರೆ ವರ್ಷ, 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚುವವರೆಗೂ ನಡೆಯಿತು. ಅಷ್ಟರಲ್ಲಿ ಅದಕ್ಕೆ ಪಕ್ಕದ ತಗಡನ್ನೂ ಹಾಕಿಸಿದ್ದೆವು.

ಹೋದ ವರ್ಷ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಯುವತಿ ಜನರ ನಡುವಿನಿಂದ ದಾಟಿ ಬಂದು ನನ್ನೆದುರು ನಿಂತಳು. ಹೆಗಲಿಗೆ ಬ್ಯಾಗು, ಕೊರಳಲ್ಲಿ ಕಂಪನಿಯ ಗುರುತಿನ ಚೀಟಿ. ಬಿ.ಕಾಂ. ಮುಗಿಸಿ ಲೆಕ್ಕಪತ್ರದ ಕೆಲಸದಲ್ಲಿದ್ದಾಳಂತೆ. ಅವಳ ಅಪ್ಪನ ಸೊಂಟ ನೋವು, ತಮ್ಮನ ಓದು ಎಲ್ಲ ಕೇಳಿದೆ. ಬಸ್ಸು ಬಂತು. ಮೆಟ್ಟಿಲು ಹತ್ತಿದವಳು ತಿರುಗಿ, ನಗುತ್ತಾ ಕೇಳಿದಳು:

“ಮಿಸ್, ಆ ಪಿನ್ನು ಸಿಕ್ತಾ?”

ಬಸ್ಸು ಹೊರಟ ಮೇಲೆ ನಾನೂ ನಕ್ಕೆ. ನಗುವುದಕ್ಕೆ ಮಾತ್ರ ಸ್ವಲ್ಪ ಹೊತ್ತು ಹಿಡಿಯಿತು.